ಕೊನೇ ಸಲ ಕುಡಿದಿದ್ದು ಯಾವಾಗ? ಮದ್ಯದ ವಿತ್‌ಡ್ರಾವಲ್ ಬಗ್ಗೆ ನನ್ನ ಟಿಪ್ಪಣಿ

ಮೆಂಟಲ್ ಹೆಲ್ತ್ ನರ್ಸಿಂಗ್‌ನಲ್ಲಿ ನನ್ನನ್ನು ಜಾಸ್ತಿ ಕಾಡಿದ ಪಾಠ ಇದು: ದಿನಾ ಕುಡಿಯುವವರು ದಿಢೀರ್ ನಿಲ್ಲಿಸಿದಾಗ ಆಗುವ ತೊಂದರೆ, ಅಂದರೆ ವಿತ್‌ಡ್ರಾವಲ್. ಲಿಬ್ರಿಯಂ, ಡೈಸಲ್ಫಿರಾಂ, ನಾಲ್ಟ್ರೆಕ್ಸೋನ್ ಎಲ್ಲವನ್ನೂ 'ಕುಡಿತ ಬಿಡಿಸುವ ಔಷಧಿ' ಅಂತ ಒಂದೇ ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಇಂಟರ್ನಲ್ಸ್‌ನಲ್ಲಿ, ನಿನ್ನೆ ರಾತ್ರಿ ಕುಡಿದು ಈಗ ಕೈ ನಡುಗುತ್ತಿರುವ ರೋಗಿಗೆ ಏನು ಕೊಡುತ್ತಾರೆ ಅಂತ ಕೇಳಿದ್ದರು. ಡೈಸಲ್ಫಿರಾಂ ಅಂತ ಬರೆದೆ. ಅದು ತಪ್ಪು. ಯಾಕೆ ತಪ್ಪು ಅಂತ ತಿಳಿದದ್ದು ಆರ್ಥೋ ವಾರ್ಡಿನ ಪೋಸ್ಟಿಂಗ್‌ನಲ್ಲಿ.

ಕಾಲು ಮುರಿದು ಸೇರಿದ್ದ ರೋಗಿ. ಎರಡು ದಿನ ಸ್ವಲ್ಪ ಚಡಪಡಿಕೆ ಇತ್ತು, ನೋವಿಗೆ ಅಂದುಕೊಂಡಿದ್ದೆವು. ಮೂರನೇ ರಾತ್ರಿ ಮೈಯೆಲ್ಲ ಬೆವರು, ಜ್ವರ, ಪಲ್ಸ್ 130. ಹೊದಿಕೆ ಮೇಲೆ ಹುಳು ಹರಿಯುತ್ತಿದೆ ಅಂತ ಕೊಡವುತ್ತಿದ್ದರು. ಇದು ಯಾವ ಜಾಗ ಅಂದರೆ ಬಸ್ ಸ್ಟ್ಯಾಂಡ್ ಅಂದರು. ನೈಟ್ ಡ್ಯೂಟಿ ಸಿಸ್ಟರ್ ಅವರ ಹೆಂಡತಿಯನ್ನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕ, ಯಜಮಾನ್ರು ಕೊನೇ ಸಲ ಕುಡಿದಿದ್ದು ಯಾವಾಗ?"

"ಬಿದ್ದ ದಿನ ಬೆಳಿಗ್ಗೆ, ಸಿಸ್ಟರ್. ದಿನಾ ಬೇಕೇ ಬೇಕು ಅವರಿಗೆ."

ಕೇಸ್ ಶೀಟಿನಲ್ಲಿ ಇದ್ದದ್ದು 'ಅಪರೂಪಕ್ಕೆ ಕುಡಿಯುತ್ತಾರೆ' ಅಂತ.

ಈ ಪಾಠದ ಬೀಗದ ಕೈ ಆ ಪ್ರಶ್ನೆಯೇ. ಗಂಟೆ ಎಣಿಸಬೇಕಾದದ್ದು ಅಡ್ಮಿಟ್ ಆದ ಹೊತ್ತಿನಿಂದ ಅಲ್ಲ, ಕೊನೆಯ ಗುಟುಕಿನಿಂದ. ಸುಮಾರು 6 ಗಂಟೆ ಕಳೆದ ಮೇಲೆ ನಡುಕ, ವಾಕರಿಕೆ, ಬೆವರು, ಗಾಬರಿ ಶುರು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48 ಗಂಟೆ ದಾಟಿದ ಮೇಲೆ ಡೆಲಿರಿಯಂ ಟ್ರೆಮೆನ್ಸ್, ಅಂದರೆ ಡಿಟಿ. ಇದು ಪ್ರಾಣಕ್ಕೇ ಅಪಾಯ. 12ರಿಂದ 24 ಗಂಟೆಯ ಸುಮಾರಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಆದರೆ ಅವರಿಗೆ ಜಾಗ, ದಿನ, ಜನ ಎಲ್ಲ ಗೊತ್ತಿರುತ್ತದೆ. ಅದು ಹಲೂಸಿನೋಸಿಸ್, ಡಿಟಿ ಅಲ್ಲ. ಡಿಟಿಯಲ್ಲಿ ಪ್ರಜ್ಞೆ ಮಸುಕಾಗುತ್ತದೆ, ಜ್ವರ, ಪಲ್ಸ್, ಬಿಪಿ ಏರುತ್ತವೆ. ಎಂಸಿಕ್ಯೂಗಳಲ್ಲಿ ಎಡವುವುದು ಇಲ್ಲೇ.

ಈಗ ನಾನು ಸಿಕ್ಕಿಬಿದ್ದ ಜಾಗ. ಕುಡಿತ ನಿಲ್ಲಿಸಿದವರಿಗೆ ಲಿಬ್ರಿಯಂ ಯಾಕೆ? ಅದೂ ಚಟ ಹಿಡಿಸುವ ಮಾತ್ರೆಯೇ ಅಲ್ವಾ?

ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಮಿದುಳಿನಲ್ಲಿ ಗಾಬಾ ಶಾಂತ ಮಾಡುವ ಕಡೆ, ಗ್ಲುಟಮೇಟ್ ಕೆರಳಿಸುವ ಕಡೆ. ಮದ್ಯ ದಿನಾ ಬಂದು ಗಾಬಾ ಕಡೆ ಸೇರಿ ಎಳೆಯುತ್ತದೆ. ಸಮ ಮಾಡಲು ಮಿದುಳು ಗ್ಲುಟಮೇಟ್ ಕಡೆ ಬಲ ಹೆಚ್ಚಿಸುತ್ತದೆ, ಗಾಬಾ ಕಡೆ ಇಳಿಸುತ್ತದೆ. ಹೀಗೆ ವರ್ಷಗಟ್ಟಲೆ. ಒಂದು ದಿನ ಮದ್ಯ ಹಗ್ಗ ಬಿಟ್ಟು ಹೋಯಿತು. ಆಚೆ ಕಡೆಯವರು ಎಳೆದ ರಭಸಕ್ಕೆ ಹಿಂದಕ್ಕೆ ಬೀಳುತ್ತಾರೆ. ಆ ಬೀಳುವುದೇ ನಡುಕ, ಫಿಟ್ಸ್, ಡಿಟಿ. ಲಿಬ್ರಿಯಂ, ಅಂದರೆ ಕ್ಲೋರ್‌ಡಯಾಜೆಪಾಕ್ಸೈಡ್, ಮದ್ಯ ಬಿಟ್ಟುಹೋದ ಜಾಗದಲ್ಲಿ ನಿಂತು ಹಗ್ಗ ಹಿಡಿಯುತ್ತದೆ. ಆಮೇಲೆ ದಿನಕ್ಕಷ್ಟು ಸಡಿಲ ಬಿಡುತ್ತದೆ. ಅದಕ್ಕೇ ಡೋಸ್ ಕೆಲವು ದಿನಗಳಲ್ಲಿ ಇಳಿಯುತ್ತ ಹೋಗಿ ನಿಲ್ಲುತ್ತದೆ. ಇದು ಬರೀ ಹಗ್ಗ ಸಡಿಲಿಸುವ ಕೆಲಸ. ಕುಡಿಯುವ ಆಸೆ ಬಿಡಿಸುವುದು ಇದರ ಕೆಲಸವಲ್ಲ.

ಲಿವರ್ ಕೆಟ್ಟಿದ್ದರೆ ಲಿಬ್ರಿಯಂ ಬದಲು ಅದೇ ಗುಂಪಿನ ಲೊರಾಜೆಪಾಮ್. ಲಿಬ್ರಿಯಂ ಲಿವರಿನಲ್ಲಿ ಒಡೆಯುವಾಗ ಹುಟ್ಟುವ ತುಣುಕುಗಳೂ ಕೆಲಸ ಮಾಡುತ್ತವೆ, ಅವು ದೇಹದಲ್ಲಿ ಸೇರುತ್ತ ಹೋಗುತ್ತವೆ. ಲೊರಾಜೆಪಾಮ್‌ಗೆ ಆ ಕಾಟ ಇಲ್ಲ. ಎಷ್ಟು ಕೊಡಬೇಕು ಅನ್ನೋದಕ್ಕೆ, ವಿತ್‌ಡ್ರಾವಲ್ ಎಷ್ಟು ಜೋರಾಗಿದೆ ಅಂತ ಅಳೆಯುವ ಸೀವಾ (CIWA-Ar) ಸ್ಕೋರ್ ನೆರವಾಗುತ್ತದೆ. 10 ಅಂಶ, ಗರಿಷ್ಠ 67. ಪ್ರತಿ ಡೋಸಿಗೂ ಮುಂಚೆ ಉಸಿರು ಎಣಿಸಿ. ನಿಮಿಷಕ್ಕೆ 12ಕ್ಕಿಂತ ಕಡಿಮೆ ಇದ್ದರೆ, ಅಥವಾ ರೋಗಿ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಡೋಸ್ ತಡೆದು ಡಾಕ್ಟರಿಗೆ ಹೇಳಿ.

ಥಯಮಿನ್, ಅಂದರೆ ಬಿ1. ದಿನಾ ಕುಡಿಯುವವರ ದೇಹದಲ್ಲಿ ಇದು ಬರಿದಾಗಿರುತ್ತದೆ. ಗ್ಲೂಕೋಸ್ ಉರಿಯಲು ಥಯಮಿನ್ ಬೇಕು. ಸುಮ್ನೆ ಗ್ಲೂಕೋಸ್ ಡ್ರಿಪ್ ಹಾಕಿದರೆ ಉಳಿದ ಚೂರೂ ಖರ್ಚಾಗಿ ವರ್ನಿಕೆ ಅನ್ನೋ ಮಿದುಳಿನ ತೊಂದರೆ ಬರಬಹುದು: ಕಣ್ಣಿನ ಚಲನೆ ಕೆಡುವುದು, ನಡಿಗೆ ತೂರಾಡುವುದು, ಗೊಂದಲ. ಅದಕ್ಕೇ ಥಯಮಿನ್ ಮೊದಲು, ಅದೂ ಇಂಜೆಕ್ಷನ್. ಇವರ ಕರುಳು ಮಾತ್ರೆಯನ್ನು ಸರಿಯಾಗಿ ಹೀರುವುದಿಲ್ಲ. ಆದರೆ ಶುಗರ್ ಕುಸಿದಿದ್ದರೆ ಥಯಮಿನ್‌ಗಾಗಿ ಗ್ಲೂಕೋಸ್ ತಡೆದು ಕೂರಬಾರದು. ಎರಡನ್ನೂ ಒಟ್ಟಿಗೆ ಕೊಡುತ್ತಾರೆ.

ಇಲ್ಲಿಂದ ಮುಂದೆ ಡೈಸಲ್ಫಿರಾಂ. ವಿತ್‌ಡ್ರಾವಲ್ ಪೂರ್ತಿ ಮುಗಿದು, ರೋಗಿ ತಾನೇ 'ಬಿಡ್ತೀನಿ' ಅಂದ ಮೇಲಿನ ಔಷಧಿ ಇದು. ಮದ್ಯ ಮೊದಲು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಅಸಿಟೇಟ್ ಆಗುತ್ತದೆ. ಡೈಸಲ್ಫಿರಾಂ ಎರಡನೇ ಮೆಟ್ಟಿಲನ್ನು ಮುಚ್ಚುತ್ತದೆ. ಕುಡಿದರೆ ಅಸಿಟಾಲ್ಡಿಹೈಡ್ ತುಂಬಿಕೊಂಡು ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ವಾಂತಿ, ಎದೆ ಡವಡವ, ಬಿಪಿ ಕುಸಿತ. ನಿನ್ನೆ ರಾತ್ರಿ ಕುಡಿದವರಿಗೆ ಇದನ್ನು ಕೊಟ್ಟರೆ ಏನಾಗಬಹುದು ಅಂತ ಈಗ ಗೊತ್ತಾಯಿತಲ್ಲ. ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದಿರಲೇಬೇಕು. ಮಾತ್ರೆ ನಿಲ್ಲಿಸಿದ ಮೇಲೂ 14 ದಿನದವರೆಗೆ ರಿಯಾಕ್ಷನ್ ಆಗಬಹುದು. ಮದ್ಯ ಇರುವ ಕೆಮ್ಮಿನ ಸಿರಪ್, ಮೌತ್‌ವಾಶ್ ಬೇಡ. ಅರಿಷ್ಟ, ಆಸವಗಳೂ ಬೇಡ, ಅವುಗಳಲ್ಲಿ ಹುದುಗಿ ಹುಟ್ಟಿದ ಮದ್ಯ ಇರುತ್ತದೆ. ನಮ್ಮ ಕಡೆ ಮನೆಗಳಲ್ಲಿ ಅರಿಷ್ಟವನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೇ ಅರಿಷ್ಟ ಕುಡಿಯುತ್ತೀರಾ ಅಂತ ಹೆಸರು ಹಿಡಿದೇ ಕೇಳಿ.

ನಾಲ್ಟ್ರೆಕ್ಸೋನ್ ಕುಡಿದಾಗಿನ ಖುಷಿ ಮತ್ತು ಆಸೆ ತಗ್ಗಿಸುತ್ತದೆ. ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ಔಷಧಿ, ತೆಗೆದುಕೊಳ್ಳುತ್ತಿರುವವರಿಗೆ ಕೊಡಬಾರದು, ಟ್ರಮಡಾಲ್ ಕೂಡ ಆ ಲೆಕ್ಕಕ್ಕೆ ಬರುತ್ತದೆ. ನಲಾಕ್ಸೋನ್ ಬೇರೆ, ಅದು ಓಪಿಯಾಯ್ಡ್ ಓವರ್‌ಡೋಸ್‌ಗೆ. ಕುಡಿತ ಬಿಟ್ಟವರು ಮತ್ತೆ ಶುರು ಮಾಡದಿರಲು ಕೊಡುವ ಇನ್ನೊಂದು ಔಷಧಿ ಅಕಾಂಪ್ರೊಸೇಟ್, ಅದಕ್ಕೆ ಮುಂಚೆ ಕಿಡ್ನಿ ಸರಿಯಿದೆಯಾ ಅಂತ ನೋಡಬೇಕು.

ನಮ್ಮ ಆರ್ಥೋ ರೋಗಿ ಒಂದು ವಾರದಲ್ಲಿ ಸರಿಹೋದರು. ಡಿಸ್ಚಾರ್ಜ್ ದಿನ ಹೆಂಡತಿ ಮೆಲ್ಲಗೆ ಕೇಳಿದರು: "ಆ ವಾಂತಿ ಮಾತ್ರೆನ ಗೊತ್ತಾಗದ ಹಾಗೆ ಸಾರಿಗೆ ಹಾಕಬಹುದಾ?" ಸಿಸ್ಟರ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಬೇಡ ಅಕ್ಕ. ಅವರಿಗೆ ಗೊತ್ತಿಲ್ಲದೆ ಕುಡಿದುಬಿಟ್ಟರೆ ಜೀವವೇ ಹೋಗಬಹುದು. ಅವರನ್ನೇ ಕರೆದುಕೊಂಡು ಬನ್ನಿ, ಡಾಕ್ಟರ್ ಹತ್ರ ಮೂವರೂ ಕೂತು ಮಾತಾಡೋಣ." ಫಾಲೋಅಪ್ ದಿನ ಇಬ್ಬರೂ ಒಟ್ಟಿಗೆ ಬಂದರು.