ಆಲಿಸುವುದನ್ನು ಕಲಿಸುವುದು: ಮಾರ್ಗದರ್ಶಕ ವಿದ್ಯಾರ್ಥಿಗಳಿಗಾಗಿ ಟಿಪ್ಪಣಿ

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದ ಕಿವಿಗೊಡುವುದಕ್ಕೂ ಸಲ್ಲುತ್ತದೆ, ಪ್ರಶ್ನಿಸುವುದಕ್ಕೂ ಸಲ್ಲುತ್ತದೆ. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಮಾರ್ಗದರ್ಶಕನಾದಾಗ ಮಾಡಬೇಕಾದದ್ದು ಈ ಎರಡನ್ನೂ. ಆದರೆ ಹೆಚ್ಚಿನವರು ಎರಡನ್ನೂ ಬಿಟ್ಟು ಬುದ್ಧಿ ಹೇಳಲು ಕೂರುತ್ತಾರೆ. ಈ ಪಾಠದ ತಿರುಳು ಅದನ್ನು ತಡೆಯುವುದು.

‘ಸಕ್ರಿಯ ಆಲಿಸುವಿಕೆ’ ಎಂಬ ಪರಿಭಾಷೆಯನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್, 1957ರಲ್ಲಿ. ಮಾತಿನಲ್ಲಿ ವಿಷಯವೂ ಇರುತ್ತದೆ, ಅದರ ಹಿಂದೆ ಭಾವನೆಯೂ ಇರುತ್ತದೆ. ಎರಡನ್ನೂ ಗ್ರಹಿಸಿದ್ದೇವೆ ಎಂಬುದು ಹೇಳಿದವನಿಗೆ ತಿಳಿಯಬೇಕು ಎಂಬುದು ಅವರ ನಿಲುವು.

ಒಂದು ಉದಾಹರಣೆ ನೋಡೋಣ. ಹುಡುಗಿಯೊಬ್ಬಳು, ‘ಅಕ್ಕಾ, ನಾನು ಗಣಿತ ಬಿಟ್ಟುಬಿಡುತ್ತೇನೆ’ ಎನ್ನುತ್ತಾಳೆ. ‘ದಿನವೂ ಅಭ್ಯಾಸ ಮಾಡು, ತಾನಾಗಿ ಬರುತ್ತದೆ’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಅಂಕ ಕಡಿಮೆ ಬಂದದ್ದಕ್ಕೆ ಬೇಸರವೇ?’ ಎಂದು ಕೇಳಿದರೆ ಅವಳು, ‘ಅಂಕಕ್ಕಲ್ಲ, ಉತ್ತರ ತಪ್ಪಿದಾಗ ಎಲ್ಲರೂ ನಕ್ಕರು’ ಎನ್ನಬಹುದು. ಇಲ್ಲಿ ಮಾರ್ಗದರ್ಶಕಿಯ ಊಹೆ ತಪ್ಪಾಗಿತ್ತು. ಆದರೂ ಅದು ಕೆಲಸ ಮಾಡಿತು, ಏಕೆಂದರೆ ತಿದ್ದಲು ಜಾಗ ಸಿಕ್ಕಿತು. ಊಹೆ ತಪ್ಪೀತು ಎಂದು ಹೆದರಿ ಬರೀ ಹೂಂಗುಟ್ಟುವ ವಿದ್ಯಾರ್ಥಿಗಳಿಗೆ ಈ ಅಂಶವನ್ನು ಒತ್ತಿ ಹೇಳಬೇಕು.

ಗಮನ ಜಾರುವುದೇಕೆ? ನಾವು ನಿಮಿಷಕ್ಕೆ ಸುಮಾರು 125 ಪದ ಆಡುತ್ತೇವೆ. ಯೋಚನೆ ಅದಕ್ಕಿಂತ ಬಹಳ ವೇಗವಾಗಿ ಓಡುತ್ತದೆ. ಉಳಿದ ಬಿಡುವಿನಲ್ಲಿ ಮನಸ್ಸು ಉತ್ತರ ಹೆಣೆಯತೊಡಗುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ ರಾಲ್ಫ್ ನಿಕಲ್ಸ್ ಇದನ್ನು ಗುರುತಿಸಿ, ಆ ಬಿಡುವನ್ನು ಹೇಳುವವನ ಮಾತನ್ನೇ ಮನಸ್ಸಿನಲ್ಲಿ ಅಡಕಗೊಳಿಸಲು ಬಳಸಿ ಎಂದರು.

ತರಗತಿಯಲ್ಲಿ ಮಾಡಿಸಲು ನನಗೆ ಹಿಡಿಸಿದ ಅಭ್ಯಾಸ ಮೂವರ ಗುಂಪಿನದು. ಒಬ್ಬ ಮಾತನಾಡುತ್ತಾನೆ, ಒಬ್ಬ ಆಲಿಸುತ್ತಾನೆ, ಮೂರನೆಯವನು ಗಮನಿಸುತ್ತಾನೆ. ಹೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಿ, ಹೇಳಿದವನಿಂದ ‘ಹೌದು, ಅದೇ’ ಎನ್ನಿಸಿಕೊಳ್ಳುವವರೆಗೆ ಆಲಿಸುವವನು ತನ್ನ ಅಭಿಪ್ರಾಯಕ್ಕೆ ಬಾಯಿ ತೆರೆಯುವಂತಿಲ್ಲ. ಎಷ್ಟು ಬಾರಿ ಸಲಹೆ ನುಸುಳಿತು, ಎಷ್ಟು ಬಾರಿ ಮಾತು ಮಧ್ಯದಲ್ಲೇ ತುಂಡಾಯಿತು ಎಂದು ಮೂರನೆಯವನು ಗೆರೆ ಎಳೆಯುತ್ತಾ ಹೋಗುತ್ತಾನೆ. ಗೆರೆಗಳನ್ನು ನೋಡಿದಾಗ ಆಗುವ ಮುಜುಗರ ಅರ್ಧ ಗಂಟೆಯ ಉಪನ್ಯಾಸಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಮೌನವನ್ನೂ ಅಭ್ಯಾಸ ಮಾಡಿಸಬೇಕು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಅಥವಾ ಹೆಚ್ಚು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಓದಲು ಸಣ್ಣದು. ಎದುರು ಕುಳಿತಾಗ ಬಹಳ ಉದ್ದ.

ದೇಹಭಾಷೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಖ ನೋಡಿ, ಮೊಬೈಲ್ ಬದಿಗಿಡಿ, ಅಷ್ಟು ಸಾಕು. ಸಂವಹನದಲ್ಲಿ ಪದಗಳ ಪಾಲು ಶೇ 7 ಮಾತ್ರ ಎಂಬ ಜನಪ್ರಿಯ ಮಾತನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಅದಕ್ಕೆ ಮೂಲವಾದ, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳು ಭಾವನೆ, ಇಷ್ಟಾನಿಷ್ಟಗಳ ಸಂವಹನಕ್ಕೆ ಮಾತ್ರ ಸೀಮಿತ.

ಇನ್ನೊಂದು ವಿಷಯ ಕಿರಿಯ ಹೇಳಿದ್ದನ್ನು ಗುಟ್ಟಾಗಿಡುವುದು. ಅದಕ್ಕೂ ಮಿತಿಯಿದೆ. ಕಿರಿಯನ ಜೀವಕ್ಕೆ ಅಪಾಯ ಅಥವಾ ದೌರ್ಜನ್ಯದ ಸುಳಿವು ಸಿಕ್ಕರೆ ಹೊಣೆಯಲ್ಲಿರುವ ಹಿರಿಯರಿಗೆ ತಿಳಿಸಲೇಬೇಕು. ಇದನ್ನು ಮೊದಲ ಭೇಟಿಯಲ್ಲೇ ಹೇಳಿಡಿ. ಎಲ್ಲವನ್ನೂ ತೋಡಿಕೊಂಡ ಮೇಲೆ ಹೇಳಿದರೆ ಅದು ನಂಬಿಕೆದ್ರೋಹವಾಗಿ ಕಾಣುತ್ತದೆ.