ಟಿಕೆಟ್ ಮೇಲಿನ ಆ ಸಾಲು: ನಮ್ಮ ಪ್ರಯಾಣದ ಉಳಿದ ದುಡ್ಡು ಯಾರು ಕೊಡ್ತಾರೆ?

ಓದುಗರ ಪ್ರಶ್ನೆ: ರೈಲು ಟಿಕೆಟ್ ಮೇಲೆ, ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ರೈಲ್ವೆಗೆ ವಾಪಸ್ ಬರುತ್ತದೆ ಅಂತ ಅಚ್ಚು ಹಾಕಿರುತ್ತಾರೆ. ಉಳಿದದ್ದು ಯಾರು ಕೊಡ್ತಾರೆ? ಬಳ್ಳಾರಿ ಕಡೆಯಿಂದ ಹಗಲು ರಾತ್ರಿ ಅದಿರಿನ ಗಾಡಿ ಹೋಗುತ್ತಲ್ಲ, ಆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ?

ಇದನ್ನು ಬಳ್ಳಾರಿಯವರೂ ಕೇಳುತ್ತಾರೆ, ಗಂಗಾವತಿ, ಸಿಂಧನೂರಿನವರೂ ಕೇಳುತ್ತಾರೆ. ನೀವು ಎರಡು ಪ್ರಶ್ನೆ ಕೇಳಿದ್ದೀರಿ ಅನ್ನಿಸಬಹುದು. ಆದರೆ ಎರಡಕ್ಕೂ ಉತ್ತರ ಒಂದೇ. ಟಿಕೆಟ್‌ನಲ್ಲಿ ಕಡಿಮೆ ಬೀಳುವ ದುಡ್ಡಿನ ದೊಡ್ಡ ಪಾಲನ್ನು ಕಟ್ಟಿಕೊಡುವುದು ಆ ಗೂಡ್ಸ್ ಗಾಡಿಯೇ.

ಅಂಕಿ ನೋಡೋಣ. ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಒಯ್ಯಲು 1 ರೂಪಾಯಿ 38 ಪೈಸೆ ಖರ್ಚಾಗುತ್ತದೆ, ನಾವು ತೆಗೆದುಕೊಳ್ಳುವುದು 73 ಪೈಸೆ ಎಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ 2025ರಲ್ಲಿ ಸಂಸತ್ತಿಗೆ ಹೇಳಿದರು. 2022–23ರಲ್ಲಿ ಹೀಗೆ ಬಿಟ್ಟುಕೊಟ್ಟ ಮೊತ್ತ ಸುಮಾರು 57 ಸಾವಿರ ಕೋಟಿ ರೂಪಾಯಿ. ಇನ್ನೊಂದು ಕಡೆ ನೋಡಿದರೆ, ರೈಲ್ವೆಯ ಗಳಿಕೆಯಲ್ಲಿ ಸರಕು ಸಾಗಣೆಯದೇ ಸುಮಾರು ಶೇ 65. ಕಲ್ಲಿದ್ದಲು ಮೊದಲು, ಆಮೇಲೆ ಕಬ್ಬಿಣದ ಅದಿರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುವ ಕಲ್ಲಿದ್ದಲು, ಶಕ್ತಿನಗರದ ವಿದ್ಯುತ್ ಕೇಂದ್ರಕ್ಕೆ ಬರುವ ಕಲ್ಲಿದ್ದಲು, ಸಂಡೂರಿನ ಅದಿರು ಎಲ್ಲವೂ ಅದರಲ್ಲಿ ಸೇರಿವೆ.

ಅಂದರೆ ಗೂಡ್ಸ್‌ಗೆ ಜಾಸ್ತಿ ಬಾಡಿಗೆ ಹಾಕಿ, ಆ ಲಾಭದಿಂದ ಪ್ಯಾಸೆಂಜರ್ ಗಾಡಿಯ ನಷ್ಟ ತುಂಬುತ್ತಾರೆ. ಬಡವರ ಗಾಡಿಗೆ ಕಾರ್ಖಾನೆ ದುಡ್ಡು ಕೊಡುತ್ತಿದೆ, ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು.

ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ರೈಲಿನ ಬಾಡಿಗೆ ಏರಿದಷ್ಟೂ ಸರಕು ಲಾರಿ ಹತ್ತುತ್ತದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನಲ್ಲಿ ಶೇ 80ಕ್ಕೂ ಜಾಸ್ತಿ ರೈಲಿನಲ್ಲಿ ಹೋಗುತ್ತಿತ್ತು. ಈಗ ಅದು ಶೇ 30ರ ಒಳಗಿದೆ. ಬಾಡಿಗೆಯೊಂದೇ ಕಾರಣವಲ್ಲ, ರಸ್ತೆಗಳೂ ಸುಧಾರಿಸಿದವು. ಆದರೂ ಬಾಡಿಗೆಯದು ದೊಡ್ಡ ಪಾಲು. ಅದಿರಿನ ಒಂದು ರೇಕ್ ಅಂದರೆ ಸುಮಾರು 58 ವ್ಯಾಗನ್, ಮೂರೂವರೆ ಸಾವಿರ ಟನ್ನಿಗೂ ಮೇಲೆ. ಆ ಒಂದು ರೇಕ್ ರೈಲು ಬಿಟ್ಟು ರಸ್ತೆಗೆ ಇಳಿದರೆ ನೂರಕ್ಕೂ ಹೆಚ್ಚು ಲಾರಿ ಆಗುತ್ತವೆ. ಸಂಡೂರು, ಹೊಸಪೇಟೆ ರಸ್ತೆ ಬದಿಯಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಗೆದು ಹಾಕಿದ ಬಟ್ಟೆ ಕೆಂಪಾಗುವುದು, ಹೊಲದ ಎಲೆ ಮೇಲೆ ಧೂಳು ಕೂರುವುದು, ಬೈಕಿನವನು ಲಾರಿಗೆ ಹೆದರಿ ಅಂಚಿಗೆ ಇಳಿಯುವುದು ಅವರಿಗೆ ದಿನಾ ಇದ್ದದ್ದೇ. ಟಿಕೆಟ್‌ನಲ್ಲಿ ಉಳಿದ ದುಡ್ಡನ್ನು ಅವರು ಹೀಗೆ ಕಟ್ಟುತ್ತಿದ್ದಾರೆ. ಯಾವ ರಸೀದಿಯ ಮೇಲೂ ಇದು ಅಚ್ಚಾಗುವುದಿಲ್ಲ.

ಅಕ್ಕಿಯ ಕಥೆ ಬೇರೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳ ಮುಂದೆ ನಿಲ್ಲುವುದು ಲಾರಿಗಳೇ. ರೈಲು ಬಾಡಿಗೆಯ ಲೆಕ್ಕ ಇಡೀ ರೇಕ್ ತುಂಬುವವರಿಗೆ ಹೊಂದುತ್ತದೆ. ಒಂದು ಮಿಲ್ಲು ಒಂದೇ ಸಲಕ್ಕೆ ರೇಕ್ ತುಂಬುವಷ್ಟು ಅಕ್ಕಿ ಎಲ್ಲಿಂದ ತರಬೇಕು?

ಇನ್ನು ಆ ಶೇ 57ರ ಲೆಕ್ಕ. ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದೇ ಹಳಿ, ಒಂದೇ ಸಿಗ್ನಲ್, ಒಬ್ಬರೇ ಸ್ಟೇಷನ್ ಮಾಸ್ಟರ್. ಅದರ ಮೇಲೆ ಅದಿರೂ ಹೋಗುತ್ತದೆ, ನಾವೂ ಹೋಗುತ್ತೇವೆ. ಹಳಿ ರಿಪೇರಿಯ ಖರ್ಚಿನಲ್ಲಿ ನಮ್ಮ ಪಾಲು ಎಷ್ಟು, ಗೂಡ್ಸ್ ಪಾಲು ಎಷ್ಟು? ಹಂಚುವ ಸೂತ್ರ ಬದಲಾದರೆ ನಷ್ಟದ ಅಂಕಿಯೂ ಬದಲಾಗುತ್ತದೆ. ರೈಲ್ವೆ ಲೆಕ್ಕ ಇಡುವ ಕ್ರಮವೇ ಸರಿಯಾಗಬೇಕು ಎಂದು ರೈಲ್ವೆ ಸುಧಾರಣೆಗೆ ಕೇಂದ್ರವೇ ನೇಮಿಸಿದ್ದ ಬಿಬೇಕ್ ದೇಬ್ರಾಯ್ ಸಮಿತಿ 2015ರಲ್ಲೇ ಹೇಳಿತ್ತು. ಅದೂ ಅಲ್ಲದೆ ಶೇ 57 ಎಂಬುದು ಎಲ್ಲ ದರ್ಜೆ ಸೇರಿಸಿದ ಸರಾಸರಿ. ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಹೋಗುವವರು ಮಕ್ಕಳು, ಗಂಟುಮೂಟೆ ಸಮೇತ ಜನರಲ್ ಬೋಗಿಯಲ್ಲಿ ನಿಂತು ಹೋಗುತ್ತಾರೆ. ಅವರ ಟಿಕೆಟ್ಟಿಗೂ ಎಸಿ ಬೋಗಿಯ ಟಿಕೆಟ್ಟಿಗೂ ಒಂದೇ ಸಾಲು ಬರೆದರೆ ಅದು ನ್ಯಾಯದ ಲೆಕ್ಕವಲ್ಲ.

ಇಲ್ಲಿಯವರೆಗೆ ಹೇಳಿದ್ದು ಗಾಡಿ ಓಡಿಸುವ ಖರ್ಚು. ಹೊಸ ಹಳಿ ಹಾಕುವ ದುಡ್ಡು ಬೇರೆ. ರೈಲ್ವೆ ನೂರು ರೂಪಾಯಿ ಗಳಿಸಿದರೆ ಸುಮಾರು 98 ರೂಪಾಯಿ ದಿನದ ಖರ್ಚಿಗೇ ಹೋಗುತ್ತದೆ. ಹಾಗಾಗಿ ಹೊಸ ಮಾರ್ಗ, ಜೋಡಿ ಮಾರ್ಗಗಳಿಗೆ ಕೇಂದ್ರದ ಖಜಾನೆಯೇ ಆಧಾರ. 2025–26ರ ಬಜೆಟ್ಟಿನಲ್ಲಿ ಇವೂ ಸೇರಿ ರೈಲ್ವೆಯ ಎಲ್ಲ ಬಂಡವಾಳದ ಕೆಲಸಗಳಿಗೆ 2.52 ಲಕ್ಷ ಕೋಟಿ ಇಟ್ಟರು. ಕರ್ನಾಟಕದ ಪಾಲು 7,564 ಕೋಟಿ ಎಂದರು.

ಆ ದುಡ್ಡು ಯಾವ ಹಳಿಗೆ ಬೇಗ ಬರುತ್ತದೆ? 2025ರ ಜೂನ್‌ನಲ್ಲಿ ಬಳ್ಳಾರಿ–ಚಿಕ್ಕಜಾಜೂರು ಜೋಡಿ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 185 ಕಿಲೋಮೀಟರ್, 3,342 ಕೋಟಿ. ಅದಿರು, ಕಲ್ಲಿದ್ದಲು, ಉಕ್ಕು ಓಡುವ ದಾರಿ ಅದು. ಬೇಕಾದದ್ದೇ, ಬೇಡ ಅನ್ನುವುದಿಲ್ಲ. ಈಗ ಗಿಣಿಗೇರಾ–ರಾಯಚೂರು ಕಡೆ ತಿರುಗಿ. ಮುನಿರಾಬಾದ್–ಮೆಹಬೂಬ್‌ನಗರ ಯೋಜನೆ ಎಂದು ಮಂಜೂರಾದದ್ದು 1997–98ರಲ್ಲಿ. ಆ ಮಾರ್ಗದಲ್ಲಿರುವ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಓದು ಮುಗಿಸಿ, ಬಸ್ಸಿನಲ್ಲಿ ಓಡಾಡಿ, ಕೆಲಸಕ್ಕೂ ಸೇರಿತ್ತು. 2013–14ರ ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಈ ಎರಡೂ ಮಾರ್ಗಗಳ ಖರ್ಚಿನಲ್ಲಿ ಅರ್ಧ ರಾಜ್ಯ ಸರ್ಕಾರದ್ದು. ಇಂಥ ಕಡೆ ಲಾಭ ಕಡಿಮೆ, ರಾಜ್ಯವೂ ಕೈ ಜೋಡಿಸಲಿ ಎಂಬುದು ರೈಲ್ವೆಯ ವಾದ.

ಈ ಲಾಭದ ಮಾತಿಗೆ ನಮ್ಮ ಸೀಮೆಯಲ್ಲೇ ಉತ್ತರವಿದೆ. 1871ರಲ್ಲಿ ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಸೇರಿದವು. ಆ ಹಳಿ ಹಾಕಿದ ಕಂಪನಿಗಳ ಬಂಡವಾಳಕ್ಕೆ ಶೇ 5ರ ಆದಾಯದ ಖಾತ್ರಿ ಇತ್ತು. ಕಡಿಮೆ ಬಿದ್ದರೆ ಸರ್ಕಾರ ತುಂಬಿಕೊಡಬೇಕು. ಅಂದರೆ ರೈತ ಕಟ್ಟಿದ ಕಂದಾಯವೇ. ರೈಲಿಗಿಂತ ಕಾಲುವೆ ತೋಡಿ ಎಂದು ಎಂಜಿನಿಯರ್ ಆರ್ಥರ್ ಕಾಟನ್ ಆಗಲೇ ವಾದ ಮಾಡಿದ್ದರು. ಆಮೇಲೆ 1876–78ರ ಬರ ಬಂತು, ಬಳ್ಳಾರಿ ಸೀಮೆ ನಲುಗಿ ಹೋಯಿತು. ಬರ ಬಿದ್ದ ಊರಿಗೆ ಕಾಳು ಮುಟ್ಟಿಸಲು ಹಳಿ ಬೇಕು ಎಂದಾಯಿತು. ಆ ಕಾರಣಕ್ಕೆ 1880ರ ದಶಕದಲ್ಲಿ ಹಾಕಿದ್ದು ಬಳ್ಳಾರಿ–ಹೊಸಪೇಟೆ–ಗದಗ ಮಾರ್ಗ. ಜನ ಸಾಯಬಾರದು ಎಂದು ಹಾಕಿದ ಹಳಿ ಅದು. ಅದೇ ದಾರಿಯಲ್ಲಿ ಇವತ್ತು ಅದಿರು ಓಡುತ್ತಿದೆ, ರೈಲ್ವೆಗೆ ದುಡ್ಡು ತರುತ್ತಿದೆ. ಅವತ್ತು ಲಾಭ ಬರುತ್ತಾ ಎಂದು ಕೂತು ಲೆಕ್ಕ ಹಾಕಿದ್ದರೆ?

ಹಾಗಾಗಿ ನನ್ನ ಅಭಿಪ್ರಾಯ ಇದು. ಪ್ಯಾಸೆಂಜರ್ ಗಾಡಿಗೆ, ಜನರಲ್ ಬೋಗಿಗೆ ಸರ್ಕಾರ ದುಡ್ಡು ಹಾಕಲೇಬೇಕು. ಆದರೆ ಅದನ್ನು ಅದಿರಿನ ಬಾಡಿಗೆಯೊಳಗೆ ಬಚ್ಚಿಡಬಾರದು. ಯಾವ ಗಾಡಿಗೆ, ಯಾವ ದರ್ಜೆಗೆ ಎಷ್ಟು ಎಂದು ಬಜೆಟ್ಟಿನಲ್ಲೇ ಬರೆದು ಖಜಾನೆಯಿಂದ ಕೊಡಲಿ. ಆಗ ಗೂಡ್ಸ್ ಬಾಡಿಗೆ ಇಳಿಸಲು ಜಾಗ ಸಿಗುತ್ತದೆ, ಲಾರಿಯ ಹೊರೆಯೂ ಸ್ವಲ್ಪ ಹಳಿ ಹತ್ತುತ್ತದೆ. ಜೋಡಿ ಮಾರ್ಗಕ್ಕೆ ಒಪ್ಪಿಗೆ ಕೊಡುವಾಗಲೇ ಅದರ ಮೇಲೆ ದಿನಕ್ಕೆ ಎಷ್ಟು ಪ್ಯಾಸೆಂಜರ್ ಗಾಡಿ ಓಡುತ್ತವೆ ಎಂದೂ ಬರೆದುಕೊಡಲಿ.

ನೀವೇ ನೋಡಬೇಕು ಅಂದರೆ ದಾರಿ ಇದೆ. ಬಜೆಟ್ ಆದಮೇಲೆ ಪ್ರತಿ ವರ್ಷ ರೈಲ್ವೆ ಕಾಮಗಾರಿಗಳ ಪಟ್ಟಿ ಬರುತ್ತದೆ. ಪಿಂಕ್ ಬುಕ್ ಅನ್ನುತ್ತಾರೆ, ರೈಲ್ವೆ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ನೈರುತ್ಯ ರೈಲ್ವೆಯ ಭಾಗ ತೆಗೆದು, ಹೊಸ ಮಾರ್ಗಗಳಲ್ಲಿ ಗದಗ–ವಾಡಿ ಹುಡುಕಿ. ಒಟ್ಟು ಅಂದಾಜು ಎಷ್ಟು, ಈ ವರ್ಷ ಎಷ್ಟು ಕೊಟ್ಟರು ಎಂದು ಅದರಲ್ಲೇ ಇರುತ್ತದೆ. ಅಂದಾಜಿನಲ್ಲಿ ಇನ್ನೂ ಖರ್ಚಾಗಬೇಕಾದ ಮೊತ್ತವನ್ನು ಈ ವರ್ಷದ ಮೊತ್ತದಿಂದ ಭಾಗಿಸಿ. ಅದೇ ಮಾರ್ಗದ ಲಿಂಗಸುಗೂರಿನವರು ಇನ್ನೂ ಎಷ್ಟು ವರ್ಷ ಕಾಯಬೇಕು ಅಂತ ಒಂದು ಅಂದಾಜು ಸಿಗುತ್ತದೆ. ನಿಮ್ಮ ಸಂಸದರು ಊರಿಗೆ ಬಂದಾಗ ಆ ಹಾಳೆ ಕೈಯಲ್ಲಿರಲಿ.