ಬೀಮ್ ಮೇಲಿನ ಸಮಾಂತರ ಬಲಗಳ ಫಲಿತ: ಲೆಕ್ಕ ಎಲ್ಲಿ ತಪ್ಪುತ್ತದೆ

8 ಮೀ. ಉದ್ದದ ಬೀಮ್. ಎಡತುದಿ ಎ, ಬಲತುದಿ ಬಿ, ಎರಡೂ ಕಡೆ ಸರಳ ಆಧಾರ. ಭಾರಗಳು ಹೀಗಿವೆ (ದೂರಗಳೆಲ್ಲ ಎಯಿಂದ):

1 ಮೀ.: 20 ಕಿ.ನ್ಯೂ. (ಕಿಲೋನ್ಯೂಟನ್) ಕೆಳಕ್ಕೆ
2ರಿಂದ 6 ಮೀ.: ಮೀಟರಿಗೆ 5 ಕಿ.ನ್ಯೂ. ಯುಡಿಎಲ್ (ಸಮನಾಗಿ ಹರಡಿದ ಭಾರ) ಕೆಳಕ್ಕೆ
5 ಮೀ.: 10 ಕಿ.ನ್ಯೂ. ಮೇಲಕ್ಕೆ
7 ಮೀ.: 30 ಕಿ.ನ್ಯೂ. ಕೆಳಕ್ಕೆ

ಇವೆಲ್ಲದರ ಜಾಗದಲ್ಲಿ ಒಂದೇ ಬಲ (ಅದೇ ಫಲಿತ) ಇಡಬೇಕೆಂದರೆ ಅದು ಎಷ್ಟು, ಎಲ್ಲಿ? ಆಧಾರಗಳ ರಿಯಾಕ್ಷನ್ (ಅವು ಬೀಮಿಗೆ ಕೊಡುವ ಪ್ರತಿಬಲ) ಇಲ್ಲಿ ಸೇರಿಸಬೇಡಿ. ಸೇರಿಸಿದರೆ ಬೀಮ್ ಸಮತೋಲದಲ್ಲಿರುವುದರಿಂದ ಉತ್ತರ ಸೊನ್ನೆಯೇ ಬರುತ್ತದೆ.

ಮೊದಲು ಯುಡಿಎಲ್ ಅನ್ನು ಒಂದು ಬಲವಾಗಿ ಬದಲಿಸಿ: 5 × 4 = 20 ಕಿ.ನ್ಯೂ. ಅದು ನಿಲ್ಲುವುದು ಹರಡಿರುವ ಭಾಗದ ನಡುವೆ, ಅಂದರೆ ಎಯಿಂದ 2 + 2 = 4 ಮೀ. ದೂರದಲ್ಲಿ. ಆರಂಭದ 2 ಮೀ. ಖಾಲಿ ಜಾಗವನ್ನು ಮರೆತು ಬರೀ 2 ಎಂದು ಬರೆಯುವವರು ಬಹಳ. (ತ್ರಿಕೋನ ಭಾರವಾದರೆ, ಅಂದರೆ ಒಂದು ತುದಿಯಲ್ಲಿ ಸೊನ್ನೆಯಿದ್ದು ಇನ್ನೊಂದು ತುದಿಗೆ ಏರುವ ಭಾರವಾದರೆ, ಮೊತ್ತ ಅರ್ಧ × ಉದ್ದ × ಎತ್ತರ, ಸ್ಥಾನ ಎತ್ತರದ ಕಡೆಯಿಂದ ಉದ್ದದ ಮೂರನೇ ಒಂದು ಭಾಗದಲ್ಲಿ.)

ಕೆಳಕ್ಕೆ ಧನ ಎಂದಿಟ್ಟುಕೊಂಡರೆ ಫಲಿತ = 20 + 20 − 10 + 30 = 60 ಕಿ.ನ್ಯೂ.

ಮೊಮೆಂಟ್ ಎಂದರೆ ಬಲ × ದೂರ, ಅಂದರೆ ಬಲದ ತಿರುಗಿಸುವ ಪರಿಣಾಮ. ಸ್ಥಾನಕ್ಕೆ ವೆರಿನ್ಯಾನ್ ಪ್ರಮೇಯ: ಬಿಡಿ ಬಲಗಳ ಮೊಮೆಂಟ್‌ಗಳ ಮೊತ್ತ ಫಲಿತದ ಮೊಮೆಂಟಿಗೆ ಸಮ. ಎ ಸುತ್ತ ಪ್ರದಕ್ಷಿಣವನ್ನು ಧನ ಎಂದು ಹಿಡಿದು:

20×1 + 20×4 − 10×5 + 30×7 = 260 ಕಿ.ನ್ಯೂ.ಮೀ.
ದೂರ = 260 ÷ 60 = 4.33 ಮೀ.

ಮೇಲ್ಮುಖ ಬಲದ ಚಿಹ್ನೆಯನ್ನು ಮೊತ್ತದಲ್ಲಿ ಬದಲಿಸಿ ಮೊಮೆಂಟಿನಲ್ಲಿ ಬದಲಿಸದಿದ್ದರೆ 360 ÷ 60 = 6 ಮೀ. ಬರುತ್ತದೆ. ಅಂಕಿ ನೀಟಾಗಿ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಬಿ ಸುತ್ತಲೂ ಒಮ್ಮೆ ಲೆಕ್ಕ ಹಾಕಿ (ಇಲ್ಲಿ ಅಪ್ರದಕ್ಷಿಣ ಧನ): 20×7 + 20×4 − 10×3 + 30×1 = 220, ದೂರ 3.67 ಮೀ. ಎರಡೂ ಕೂಡಿದರೆ 8 ಮೀ.; ತಾಳೆಯಾಯಿತು.

ಈಗ 5 ಮೀ.ನಲ್ಲಿರುವ ಮೇಲ್ಮುಖ ಬಲ 10ರ ಬದಲು 65 ಕಿ.ನ್ಯೂ. ಎಂದುಕೊಳ್ಳಿ. ಫಲಿತ 5 ಕಿ.ನ್ಯೂ. ಕೆಳಕ್ಕೆ, ಮೊಮೆಂಟ್ (20 + 80 + 210) − 65×5 = 310 − 325 = −15, ದೂರ −3 ಮೀ. ಎಂದರೆ ಫಲಿತ ಎಯಿಂದ 3 ಮೀ. ಎಡಕ್ಕೆ, ಬೀಮಿನ ಹೊರಗೆ! ಇದು ತಪ್ಪಲ್ಲ, ಹೊಡೆದು ಹಾಕಬೇಡಿ. ಬಿ ತುದಿ 1.875 ಕಿ.ನ್ಯೂ. ಬಲದಿಂದ ಮೇಲೇಳಲು ನೋಡುತ್ತಿದೆ, ಅಲ್ಲಿ ಹಿಡಿದಿಡುವ ಬೋಲ್ಟ್ ಬೇಕು ಎಂದಷ್ಟೇ ಅರ್ಥ.

ಅದೇ ಬಲ 70 ಆದರೆ ಫಲಿತ ಸೊನ್ನೆ, ಮೊಮೆಂಟ್ ಮಾತ್ರ −40 ಉಳಿಯುತ್ತದೆ. ಆಗ ಸೊನ್ನೆಯಿಂದ ಭಾಗಿಸಲು ಹೋಗಬೇಡಿ. ಉತ್ತರ 40 ಕಿ.ನ್ಯೂ.ಮೀ. ಅಪ್ರದಕ್ಷಿಣ ಕಪಲ್ (ಬಲದ ಮೊತ್ತ ಸೊನ್ನೆಯಾಗಿ ಬರೀ ತಿರುಗಿಸುವ ಜೋಡಿ). ಇದನ್ನು ಯಾವ ಒಂಟಿ ಬಲವೂ ಭರ್ತಿ ಮಾಡಲಾರದು.

ಮೊದಲಿನ ಲೆಕ್ಕಕ್ಕೆ ಮರಳಿದರೆ, ಫಲಿತದಿಂದ ರಿಯಾಕ್ಷನ್ ಸಲೀಸಾಗಿ ಸಿಗುತ್ತದೆ: ಬಿಯಲ್ಲಿ 260 ÷ 8 = 32.5, ಎಯಲ್ಲಿ 27.5 ಕಿ.ನ್ಯೂ. ಆದರೆ ಬೆಂಡಿಂಗ್ ಮೊಮೆಂಟ್ (ಬೀಮನ್ನು ಬಾಗಿಸುವ ಮೊಮೆಂಟ್) ಚಿತ್ರ ಬಿಡಿಸುವಾಗ ಮೂಲ ಭಾರಗಳನ್ನೇ ಇಡಬೇಕು. ಅವುಗಳಿಂದ ಗರಿಷ್ಠ ಮೊಮೆಂಟ್ 3.5 ಮೀ.ನಲ್ಲಿ 40.6 ಕಿ.ನ್ಯೂ.ಮೀ.; 60 ಕಿ.ನ್ಯೂ. ಫಲಿತವೊಂದನ್ನೇ 4.33 ಮೀ.ನಲ್ಲಿಟ್ಟರೆ 119.2 ಬರುತ್ತದೆ, ಹತ್ತಿರ ಹತ್ತಿರ ಮೂರು ಪಟ್ಟು.